ನಿಮ್ಮ ವೆಬ್‌ಸೈಟಿಗೆ ಬೀಗ ಇದೆಯೇ?

ನಮ್ಮಲ್ಲಿ ಅನೇಕರು ಈಗ ಸ್ವಂತ ವೆಬ್‌ಸೈಟ್ ಮಾಡಿಸಿ, ಪಾರ್ಸೆಲ್ ಹಾಗೂ ಮದುವೆ-ಮುಂಜಿಯ ಕ್ಯಾಟರಿಂಗ್ ಆರ್ಡರುಗಳನ್ನು ಅದರಲ್ಲೇ ಪಡೆಯುತ್ತಿದ್ದಾರೆ. ಆ್ಯಪ್ ಕಂಪೆನಿಗಳಿಗೆ ಕಮಿಷನ್ ಕೊಡುವುದು ತಪ್ಪುತ್ತದೆ, ಒಳ್ಳೆಯದೇ. ಆದರೆ ಆರ್ಡರಿನ ಜೊತೆಗೆ ಗಿರಾಕಿಯ ಹೆಸರು, ಮನೆ ವಿಳಾಸ, ಫೋನ್ ನಂಬರ್ ಎಲ್ಲವೂ ಅದೇ ದಾರಿಯಲ್ಲಿ ಬರುತ್ತವೆ. ಆ ದಾರಿ ಭದ್ರವಾಗಿದೆಯೇ ಎಂದು ಕೇಳಿದರೆ "ಸೈಟ್ ಮಾಡಿದ ಹುಡುಗನಿಗೆ ಗೊತ್ತು" ಎಂಬ ಉತ್ತರ ಬರುತ್ತದೆ. ಹುಡುಗನಿಗೆ ಗೊತ್ತಿದ್ದರೆ ಸಾಲದು, ಗಲ್ಲಾದಲ್ಲಿ ಕೂರುವವರಿಗೂ ಗೊತ್ತಿರಬೇಕು.

ಸೈಟಿನ ವಿಳಾಸದ ಆರಂಭದಲ್ಲಿ ಬರೀ ಎಚ್‌ಟಿಟಿಪಿ ಎಂದಿದ್ದರೆ, ಮಾಹಿತಿಯು ಮುಚ್ಚಳವಿಲ್ಲದ ಪಾತ್ರೆಯಲ್ಲಿ ಸಾಗಿಸಿದ ಸಾಂಬಾರಿನಂತೆ. ದಾರಿಯಲ್ಲಿ ಯಾರಾದರೂ ಇಣುಕಬಹುದು, ಏನಾದರೂ ಬೆರೆಸಲೂಬಹುದು. ಕೊನೆಗೆ ಎಸ್ ಸೇರಿ ಎಚ್‌ಟಿಟಿಪಿಎಸ್ ಆದರೆ, ಗಿರಾಕಿಯ ಫೋನಿಗೂ ನಮ್ಮ ಸರ್ವರಿಗೂ ನಡುವೆ ಎಲ್ಲವೂ ಗೂಢಲಿಪಿಯಲ್ಲಿ ಹೋಗುತ್ತದೆ. ಈ ಏರ್ಪಾಡಿಗೆ ಮೊದಲು ಎಸ್‌ಎಸ್‌ಎಲ್ ಎಂದು ಹೆಸರಿತ್ತು, 1999ರಲ್ಲಿ ಟಿಎಲ್‌ಎಸ್ ಎಂಬ ಹೆಸರು ಬಂತು. ಮಾರುವವರು ಈಗಲೂ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಎಂದೇ ಬಿಲ್ ಹಾಕುತ್ತಾರೆ, ಗೊಂದಲ ಬೇಡ.

ಇಣುಕುವುದಕ್ಕಿಂತ ಬೆರೆಸುವುದೇ ನಮಗೆ ಹೆಚ್ಚು ಅಪಾಯ. ಅಡ್ವಾನ್ಸಿಗಾಗಿ ಸೈಟಿನಲ್ಲಿ ನಿಮ್ಮ ಯುಪಿಐ ಕ್ಯೂಆರ್ ಕೋಡ್ ಹಾಕಿದ್ದೀರಿ ಎನ್ನೋಣ. ಬೀಗವಿಲ್ಲದ ಆ ಸೈಟನ್ನು ಗಿರಾಕಿ ಅಂಧೇರಿಯಲ್ಲೋ ಠಾಣೆಯಲ್ಲೋ ಉಚಿತ ವೈಫೈಯಲ್ಲಿ ತೆರೆದರೆ, ಆ ವೈಫೈಯನ್ನು ಕೈವಶ ಮಾಡಿಕೊಂಡವನು ನಿಮ್ಮ ಕೋಡ್ ತೆಗೆದು ತನ್ನ ಕೋಡ್ ತೋರಿಸಬಲ್ಲ. ಗಿರಾಕಿಯ ಕಣ್ಣಿಗೆ ನಿಮ್ಮದೇ ಹೋಟೆಲಿನ ಪುಟ. 300 ಎಲೆ ಊಟದ ಅಡ್ವಾನ್ಸ್ ಯಾರದೋ ಖಾತೆಗೆ, ಜಗಳ ಬರುವುದು ನಿಮ್ಮ ಗಲ್ಲಾದ ಮುಂದೆ. "ನಮ್ಮ ಹಣ ಪೇಮೆಂಟ್ ಗೇಟ್‌ವೇಯಲ್ಲಿ ಬರುತ್ತದೆ, ಅದಕ್ಕೆ ಬೀಗ ಇದೆ" ಎನ್ನುವವರೂ ಇದ್ದಾರೆ. ಗೇಟ್‌ವೇಗೆ ಕಳಿಸುವ ಬಟನ್ ಇರುವುದು ನಿಮ್ಮ ಪುಟದಲ್ಲಲ್ಲವೇ? ಆ ಪುಟವೇ ಬಯಲಲ್ಲಿದ್ದರೆ ಬಟನ್ ಗಿರಾಕಿಯನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು.

ಬೀಗಕ್ಕೆ ಬೇಕಾದದ್ದು ಸರ್ಟಿಫಿಕೇಟ್. ಆ ವಿಳಾಸ ನಿಮ್ಮ ಹಿಡಿತದಲ್ಲೇ ಇದೆಯೆಂದು ಪರೀಕ್ಷಿಸಿ ಮಾನ್ಯತೆ ಪಡೆದ ಸಂಸ್ಥೆ ಅದನ್ನು ಕೊಡುತ್ತದೆ. ಇದಕ್ಕೆ ಯಾರಾದರೂ ಸಾವಿರಾರು ರೂಪಾಯಿ ಹೇಳಿದರೆ ಏಕೆಂದು ವಿಚಾರಿಸಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ 2015ರಿಂದ ಉಚಿತವಾಗಿ ಕೊಡುತ್ತಿದೆ. ಗೂಢಲಿಪಿಯ ಬಲದಲ್ಲಿ ಹಣ ಕೊಟ್ಟದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಹುಡುಗನ ಕೂಲಿ ಬೇರೆ, ಅದನ್ನು ಕೊಡಲೇಬೇಕು.

ಕಿರಿಕಿರಿ ಇರುವುದು ರಿನ್ಯೂವಲ್‌ನಲ್ಲಿ. 2020ರ ಸೆಪ್ಟೆಂಬರಿನಲ್ಲಿ ಸರ್ಟಿಫಿಕೇಟಿನ ಗರಿಷ್ಠ ಅವಧಿ 398 ದಿನ ಎಂದಾಯಿತು. 2025ರಲ್ಲಿ ಬ್ರೌಸರ್ ಕಂಪೆನಿಗಳೂ ಸರ್ಟಿಫಿಕೇಟ್ ಸಂಸ್ಥೆಗಳೂ ಸೇರಿ ಅದನ್ನು ಇನ್ನೂ ಇಳಿಸಲು ತೀರ್ಮಾನಿಸಿದವು: 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ ಬರೀ 47 ದಿನ. ಹೀಗಿರುವಾಗ ಡೈರಿಯಲ್ಲಿ ಬರೆದಿಟ್ಟು ವರ್ಷಕ್ಕೊಮ್ಮೆ ಮಾಡಿಸುವ ಪದ್ಧತಿ ನಡೆಯದು. ತಾನಾಗಿ ರಿನ್ಯೂ ಆಗುವಂತೆ ಸರ್ವರಿನಲ್ಲೇ ವ್ಯವಸ್ಥೆ ಮಾಡಿಸಿ, ಅದಕ್ಕೆ ಸರ್ಟ್‌ಬಾಟ್ ಎಂಬ ಉಚಿತ ಪ್ರೋಗ್ರಾಂ ಇದೆ. ಲೆಟ್ಸ್ ಎನ್‌ಕ್ರಿಪ್ಟಿನವರು ನೆನಪಿನ ಇಮೇಲ್ ಕಳಿಸುವುದನ್ನು 2025ರ ಜೂನ್‌ನಲ್ಲಿ ನಿಲ್ಲಿಸಿದ್ದಾರೆ ಎಂಬುದನ್ನೂ ಗಮನಿಸಬೇಕು. ಅವಧಿ ಮುಗಿದರೆ ನಿಮ್ಮ ಮೆನು ಕಾಣಬೇಕಾದಲ್ಲಿ ಪರದೆ ತುಂಬ ಎಚ್ಚರಿಕೆ ಕಾಣುತ್ತದೆ. ಶನಿವಾರ ಸಂಜೆ ಅದನ್ನು ನೋಡಿದ ಗಿರಾಕಿ ಫೋನ್ ಮಾಡಿ ಕೇಳುವುದಿಲ್ಲ, ಪಕ್ಕದ ಹೋಟೆಲಿಗೆ ಆರ್ಡರ್ ಕೊಡುತ್ತಾನೆ.

ಮುಂದಿನ ಬಾಗಿಲಿಗೆ ಬೀಗ ಹಾಕಿ ಹಿಂಬಾಗಿಲು ತೆರೆದಿಡುವುದೂ ಉಂಟು. ಎಸ್ ಇಲ್ಲದ ವಿಳಾಸಕ್ಕೆ ಬಂದವರನ್ನು ಸರ್ವರೇ ಎಸ್ ಇರುವಲ್ಲಿಗೆ ತಿರುಗಿಸಬೇಕು. ಈಗ ಕೆಲವು ಬ್ರೌಸರುಗಳು ತಾವಾಗಿಯೇ ಎಸ್ ಸೇರಿಸಿ ನೋಡುವುದರಿಂದ ನಿಮ್ಮ ಫೋನಿನಲ್ಲಿ ಸರಿ ಕಂಡರೆ ಸಾಲದು, ಸರ್ವರಿನಲ್ಲಿ ಮಾಡಿದ್ದನ್ನು ಹುಡುಗನಿಂದ ತೋರಿಸಿಕೊಳ್ಳಿ. ಮ್ಯಾನೇಜರ್ ಲಾಗಿನ್ ಆಗಿ ಆರ್ಡರ್ ನೋಡುವ ಪುಟಕ್ಕೂ ಬೀಗ ಬೇಕು, ಪಾಸ್‌ವರ್ಡ್ ಹೋಗುವುದು ಅಲ್ಲೇ. ಲಾಗಿನ್ ಆದ ಮೇಲೆ ಬ್ರೌಸರಿನಲ್ಲಿ ಕುಕಿ ಎಂಬ ಚೀಟಿ ಉಳಿಯುತ್ತದೆ. ಅದು ಊಟದ ಕೂಪನ್ ಇದ್ದಂತೆ, ಯಾರ ಕೈಗೆ ಸಿಕ್ಕಿದರೂ ಒಳಗೆ ಪ್ರವೇಶ. ಬೀಗವಿರುವ ದಾರಿಯಲ್ಲಿ ಮಾತ್ರ ಆ ಚೀಟಿ ಹೋಗುವಂತೆ ಮಾಡಬಹುದು, ಕೇಳಿ ಮಾಡಿಸಿ.

ಬೀಗದ ಕೀ ಎಂದರೆ ಸರ್ವರಿನಲ್ಲಿರುವ ಪ್ರೈವೇಟ್ ಕೀ ಎಂಬ ಫೈಲು. ಅದನ್ನು ವಾಟ್ಸಾಪಿನಲ್ಲಿ ಕಳಿಸುವುದು, ಪೆನ್‌ಡ್ರೈವಿನಲ್ಲಿ ಒಯ್ಯುವುದು ಬೇಡ. ಹುಡುಗ ಕೆಲಸ ಬಿಟ್ಟರೆ ಪಾಸ್‌ವರ್ಡುಗಳನ್ನು ಬದಲಿಸಿ, ಹೊಸ ಕೀ, ಹೊಸ ಸರ್ಟಿಫಿಕೇಟ್ ಮಾಡಿಸಿ. ಡೊಮೇನ್ ಮತ್ತು ಹೋಸ್ಟಿಂಗ್ ಖಾತೆ ಮಾಲಕರ ಹೆಸರಿನಲ್ಲೇ ಇರಲಿ.

ಬೀಗ ಕಾಯುವುದು ದಾರಿಯನ್ನು ಮಾತ್ರ. ಸರ್ವರಿನೊಳಗೆ ನುಗ್ಗುವ ಕಳ್ಳನನ್ನು ಅದು ತಡೆಯದು. ಬೀಗವಿದ್ದ ಮಾತ್ರಕ್ಕೆ ಸೈಟ್ ಅಸಲಿಯೆಂದೂ ಅಲ್ಲ, ನಿಮ್ಮ ಹೆಸರಿಗೆ ಒಂದು ಅಕ್ಷರ ಸೇರಿಸಿ ಮೋಸಗಾರನೂ ಉಚಿತ ಸರ್ಟಿಫಿಕೇಟ್ ಪಡೆಯಬಲ್ಲ. ಆದ್ದರಿಂದ ನಿಮ್ಮ ಸರಿಯಾದ ವಿಳಾಸವನ್ನು ಬಿಲ್ಲಿನ ಮೇಲೂ ಪಾರ್ಸೆಲ್ ಚೀಲದ ಮೇಲೂ ಅಚ್ಚು ಹಾಕಿಸಿಬಿಡಿ.