ಸವಣೂರಿನಿಂದ ದೇವಿಮನೆವರೆಗೆ: ಕಾಡಿನ ಮಣ್ಣುದಾರಿಗೆ ಸೈಕಲ್ ಇಳಿಸುವ ಮುನ್ನ ‘ಈ ದಾರಿ ಯಾರದ್ದು’ ಅಂತ ಕೇಳಿ

ಟಾರ್ ರಸ್ತೆ ಬಿಟ್ಟು ಮಣ್ಣು, ಜಲ್ಲಿ, ಗುಂಡಿ ತುಂಬಿದ ದಾರಿಗಳಲ್ಲಿ ದಿನಗಟ್ಟಲೆ ಸೈಕಲ್ ತುಳಿಯುವುದಕ್ಕೆ ಈಗ ‘ಗ್ರಾವೆಲ್ ರೈಡಿಂಗ್’ ಅನ್ನೋ ಹೆಸರಿದೆ. ಅದಕ್ಕೆಂದೇ ಲಕ್ಷಗಟ್ಟಲೆ ಬೆಲೆಯ ಸೈಕಲ್‌ಗಳೂ ಬಂದಿವೆ. ಆದರೆ ಹಾವೇರಿ ಜಿಲ್ಲೆಯ ಹಳ್ಳಿ ಮಕ್ಕಳಿಗೆ ಇದು ಹೊಸತೇನಲ್ಲ. 2006-07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದಾಗ ಅವರು ಶಾಲೆಗೆ ತುಳಿದದ್ದೂ ಇಂಥ ದಾರಿಗಳಲ್ಲೇ. ಆ ಯೋಜನೆ ಕೋವಿಡ್ ಹೊತ್ತಿಗೆ ನಿಂತುಹೋಯಿತು, ದಾರಿಗಳಲ್ಲಿ ಎಷ್ಟೋ ಇನ್ನೂ ಹಾಗೇ ಇವೆ.

ಸವಣೂರು, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು ಭಾಗದ ಯುವಕ-ಯುವತಿಯರಿಗೆ ಪಶ್ಚಿಮ ಘಟ್ಟದ ಕಾಡು ದೂರದ್ದಲ್ಲ. ಮೂರು ದಿನ ಸಿಕ್ಕರೆ ಬಯಲುಸೀಮೆಯಿಂದ ಘಟ್ಟದ ಅಂಚಿಗೆ ಹೋಗಿ ಬರುವ ಗಟ್ಟಿ ಪ್ರವಾಸವನ್ನು ಮನೆ ಬಾಗಿಲಿನಿಂದಲೇ ಶುರು ಮಾಡಬಹುದು. ಅದಕ್ಕೆ ಗೇರು, ಟೈರುಗಳ ಲೆಕ್ಕಾಚಾರ ಬೇಕು ನಿಜ. ಆದರೆ ಅದಕ್ಕೂ ಮೊದಲು ಬೇಕಾದದ್ದು ದಾರಿಯ ಲೆಕ್ಕಾಚಾರ.

ಇಲ್ಲಿ ಬೆಟ್ಟ ಕೆಳಗಿದೆ

ಶಿರಸಿ ಎತ್ತರದಲ್ಲಿದೆ, ಹಾನಗಲ್ಲ ತಗ್ಗಿನಲ್ಲಿದೆ ಅಂತ ಹಲವರು ಅಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಈ ನಾಲ್ಕೂ ತಾಲ್ಲೂಕು ಕೇಂದ್ರಗಳು ಮತ್ತು ಶಿರಸಿ ಎಲ್ಲವೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 600 ಮೀಟರ್ ಆಸುಪಾಸಿನಲ್ಲೇ ಇವೆ. ನಡುವೆ ಸಣ್ಣಸಣ್ಣ ಏರಿಳಿತ ಬಿಟ್ಟರೆ ದೊಡ್ಡ ಹತ್ತುವಿಕೆ ಇಲ್ಲ. ನಿಜವಾದ ಬೆಟ್ಟ ಶುರುವಾಗುವುದು ಶಿರಸಿ ದಾಟಿದ ಮೇಲೆ, ಅದೂ ಇಳಿಜಾರಾಗಿ. ದೇವಿಮನೆ ಘಟ್ಟದಲ್ಲಿ ಕುಮಟಾ ಕಡೆಗೆ ಇಳಿದರೆ ನೀವು ಕಳೆದುಕೊಂಡ ಎತ್ತರವನ್ನೆಲ್ಲ ವಾಪಸ್ ಬರುವಾಗ ದಣಿದ ಕಾಲಲ್ಲಿ ಹತ್ತಬೇಕು. ಊರಿಂದ ಹೊರಟ ಹುರುಪಿನಲ್ಲಿ ಮೊದಲ ದಿನವೇ ಶಕ್ತಿ ಖರ್ಚು ಮಾಡಿದವರು ಸೋಲುವುದು ಇಲ್ಲೇ.

ನೆಲವೂ ಬದಲಾಗುತ್ತಾ ಹೋಗುತ್ತದೆ. ಸವಣೂರಿನ ಸುತ್ತ ಎರೆಮಣ್ಣು. ಹಾನಗಲ್ಲ ಕಡೆ ಬಂದರೆ ಭತ್ತ, ಮಾವು, ಅಡಿಕೆ. ಶಿರಸಿ ತಲುಪಿದರೆ ಕೆಮ್ಮಣ್ಣು, ಬೆಟ್ಟ, ತೋಟ. ಒಂದು ಮಳೆ ಬಿದ್ದರೆ ಎರೆಮಣ್ಣು ಚಕ್ರ ಮತ್ತು ಫೋರ್ಕ್ ನಡುವೆ ಕಚ್ಚಿಕೊಂಡು ಸೈಕಲ್ ಅನ್ನು ನೀವೇ ಹೊರಬೇಕಾಗುತ್ತದೆ. ಹಾಗಾಗಿ ಮಳೆ ಬಂದ ಮರುದಿನ ಹೊಲದ ದಾರಿ ಬಿಟ್ಟು ಡಾಂಬರು ರಸ್ತೆ ಹಿಡಿಯುವುದೇ ಜಾಣತನ.

ಮೂರು ಬಗೆಯ ಮಣ್ಣುದಾರಿ

ಉಪಗ್ರಹ ನಕ್ಷೆಯಲ್ಲಿ ಎಲ್ಲ ಮಣ್ಣುದಾರಿಗಳೂ ಒಂದೇ ಥರ ಕಾಣುತ್ತವೆ. ಕಾನೂನಿನ ಕಣ್ಣಿಗೆ ಹಾಗಲ್ಲ.

ಮೊದಲನೆಯದು ಹೊಲದ ದಾರಿ. ಕಂದಾಯ ನಕಾಶೆಯಲ್ಲಿ ಇರುವ ಬಂಡಿದಾರಿ, ಕಾಲುದಾರಿಗಳು ಸಾರ್ವಜನಿಕ. ನಕಾಶೆಯಲ್ಲಿ ಇಲ್ಲದ್ದು ಯಾರದೋ ಹೊಲದ ಬದು ಆಗಿರಬಹುದು. ನೀವು ನಿಂತ ಜಾಗದ ಸರ್ವೆ ನಂಬರ್ ಯಾವುದು ಅಂತ ನೋಡಲು ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪ್ ಸಾಕು.

ಎರಡನೆಯದು ಕಾಡಿನೊಳಗಿನ ಊರಿಗೆ ಹೋಗುವ ರಸ್ತೆ. ಜನ, ಹಾಲು, ಅಡಿಕೆ, ರೋಗಿಗಳು ಓಡಾಡುವ ದಾರಿ ಇದು. ಮೂರನೆಯದು ಅರಣ್ಯ ಇಲಾಖೆಯ ಸ್ವಂತ ದಾರಿ: ಹಿಂದೆ ಮರ ಸಾಗಿಸಲು ಮಾಡಿದ್ದು, ಈಗ ಗಸ್ತಿಗೆ, ಬೆಂಕಿ ನಿಯಂತ್ರಣಕ್ಕೆ ಬಳಸುವುದು. ನೋಡೋಕೆ ಅತ್ಯಂತ ಚೆಂದದ ಗ್ರಾವೆಲ್ ಇದೇ, ಅನುಮತಿ ಇಲ್ಲದೆ ಹೋಗಲೇಬಾರದ್ದೂ ಇದೇ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದಲ್ಲಿ ಅತಿಕ್ರಮ ಪ್ರವೇಶ ಅಪರಾಧ. ಅಭಯಾರಣ್ಯವಾದರೆ 1972ರ ವನ್ಯಜೀವಿ ಕಾಯ್ದೆಯ 27ನೇ ಸೆಕ್ಷನ್ ಇನ್ನೂ ಬಿಗಿ. ಅಲ್ಲಿ ವಾಸಿಸಲು ಅನುಮತಿ ಇರುವವರು, ಆಸ್ತಿಯ ಹಕ್ಕುಳ್ಳವರು, ಕರ್ತವ್ಯದ ಮೇಲಿರುವ ನೌಕರರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು, ಇಂಥವರನ್ನು ಬಿಟ್ಟು ಉಳಿದವರೆಲ್ಲ ಪರವಾನಗಿ ಪಡೆಯಬೇಕು. ಸೈಕಲ್‌ಗೆ ಹೊಗೆ ಇಲ್ಲ, ಸದ್ದಿಲ್ಲ ಅನ್ನೋ ವಾದ ಇಲ್ಲಿ ನಡೆಯಲ್ಲ. ಸದ್ದಿಲ್ಲದೆ ತಿರುವಿನಲ್ಲಿ ಧುತ್ತನೆ ಎದುರಾಗುವ ಸೈಕಲ್‌ನಿಂದ ಕಾಡೆಮ್ಮೆ, ಕರಡಿ ಬೆದರಿದರೆ ಅಪಾಯ ಇಬ್ಬರಿಗೂ.

ಅನುಮತಿ ಕೇಳಬೇಕಾದ್ದು ಆಯಾ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿ ಅಥವಾ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ. ಶಿರಸಿ, ಯಲ್ಲಾಪುರ ಎರಡೂ ಬೇರೆ ಬೇರೆ ಅರಣ್ಯ ವಿಭಾಗ. ಅರ್ಜಿಯಲ್ಲಿ ದಾರಿಯ ನಕ್ಷೆ, ದಿನಾಂಕ, ತಂಡದ ಸಂಖ್ಯೆ ಬರೆದು ಲಿಖಿತ ಉತ್ತರ ಪಡೆಯಿರಿ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ನುಗ್ಗಿದ್ದೇ ತಡ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೆಲ್ಲ ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ಒಂದು ಕಡೆ ಆದ ನೂಕುನುಗ್ಗಲಿಗೆ ಉಳಿದ ಕಡೆಯ ಬಾಗಿಲೂ ಮುಚ್ಚಿತು.

ಯಾವಾಗ ಹೋಗಬೇಕು?

ಜೂನ್‌ನಿಂದ ಸೆಪ್ಟೆಂಬರ್: ಬೇಡ. ಉಂಬಳದ ಕಾಟ ಸಹಿಸಬಹುದು, ಗುಡ್ಡ ಕುಸಿತ ಸಹಿಸಲಾಗದು. ಫೆಬ್ರವರಿ ನಂತರ ಕಾಡು ಒಣಗಿ ಬೆಂಕಿಯ ಭಯ. ಉಳಿಯುವುದು ನವೆಂಬರ್‌ನಿಂದ ಜನವರಿ. ಅಲ್ಲೂ ಒಂದು ಎಚ್ಚರಿಕೆ: ಮಂಗನ ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇವರೆಗೆ. ಹಿರೇಕೆರೂರು, ಹಾನಗಲ್ಲಕ್ಕೆ ಅಂಟಿಕೊಂಡಿರುವ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಹರಡುವುದು ಉಣ್ಣೆಗಳಿಂದ. ಮೈತುಂಬ ಬಟ್ಟೆ, ಚರ್ಮಕ್ಕೆ ಡೀಪಾ ತೈಲ, ಸಂಜೆ ಮೈಯೆಲ್ಲ ತಪಾಸಣೆ ಕಡ್ಡಾಯ. ಒಣಗಿದ ಎಲೆಗಳ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ವಾಪಸ್ ಬಂದ ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಿ.

ಏಟಾದರೆ? ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಯುವಜನ ದೊಡ್ಡ ಅಭಿಯಾನವನ್ನೇ ನಡೆಸಿದರು. ಗಂಭೀರ ಪೆಟ್ಟಾದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡುವುದು ಅಲ್ಲಿನವರ ಬದುಕಿನ ಭಾಗ. ನೆಟ್‌ವರ್ಕ್ ಸಿಗದ ಜಾಗಗಳೂ ಇವೆ. ಆದ್ದರಿಂದ ಒಬ್ಬರೇ ಹೋಗಬೇಡಿ, ಎಲ್ಲಿ ಯಾವ ಹೊತ್ತಿಗೆ ಇರುತ್ತೀರಿ ಎಂಬುದನ್ನು ಮನೆಯಲ್ಲಿ ಬರೆದಿಟ್ಟು ಹೊರಡಿ.

ಸೈಕಲ್, ಸಾಮಾನು, ಮೂರು ದಿನ

40 ಮಿಲಿಮೀಟರ್ ಅಥವಾ ಅದಕ್ಕಿಂತ ಅಗಲದ ಟೈರ್, ಗಾಳಿ ಸ್ವಲ್ಪ ಕಡಿಮೆ, ಏರಿಗೆ ಹಗುರ ಗೇರ್, ನಂಬಬಹುದಾದ ಬ್ರೇಕ್ ಇದ್ದರೆ ಹಳೆಯ ಎಂಟಿಬಿಯೂ ನಡೆಯುತ್ತದೆ. ಎರಡು ಟ್ಯೂಬ್, ಪಂಪು, ಪ್ಯಾಚ್, ಚೈನ್ ಲಿಂಕ್, ಫೋನಿನಲ್ಲಿ ಆಫ್‌ಲೈನ್ ನಕ್ಷೆ, ತಲಾ ಮೂರು ಲೀಟರ್ ನೀರು ಇರಲಿ.

ಮೊದಲ ದಿನ ಸವಣೂರಿನ ದೊಡ್ಡಹುಣಸೆ ಮರಗಳಿಂದ ಹೊರಟು ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಹಾದು ಹಾನಗಲ್ಲ. ಎರಡನೇ ದಿನ ಹಾನಗಲ್ಲದಿಂದ ಶಿರಸಿ, ನೇರ ರಸ್ತೆಯಲ್ಲಿ ಸುಮಾರು 45 ಕಿಲೋಮೀಟರ್. ಊರ ದಾರಿ ಹಿಡಿದರೆ ಇನ್ನೂ ಹೆಚ್ಚು. ಹಿರೇಕೆರೂರಿನವರು ಹಂಸಭಾವಿ, ತಿಳವಳ್ಳಿ, ಆನವಟ್ಟಿ, ಬನವಾಸಿ ಮೂಲಕ ಶಿರಸಿಯಲ್ಲಿ ಸೇರಿಕೊಳ್ಳಬಹುದು. ಮೂರನೇ ದಿನ ಶಿರಸಿಯಲ್ಲೇ ಸಾಮಾನು ಇಟ್ಟು ದೇವಿಮನೆ ಇಳಿದು ಹತ್ತಿ ಬನ್ನಿ. ಊರಿಗೆ ಮರಳಲು ಬಸ್ಸಿದೆ. ಘಟ್ಟದಲ್ಲಿ ನಿಮ್ಮದು ಹೆದ್ದಾರಿಯೇ. ಲಾರಿಗಳಿರುತ್ತವೆ, ಹೊರಡುವ ಮುನ್ನ ಸಂಚಾರ ನಿರ್ಬಂಧ ಇದೆಯೇ ಅಂತ ವಿಚಾರಿಸಿ. ಕತ್ತಲಾದ ಮೇಲೆ ಕಾಡಿನಲ್ಲಿ ಸವಾರಿ, ಟೆಂಟು, ಬೆಂಕಿ ಮೂರೂ ಬೇಡ.

ನಿಮ್ಮ ಸಾಹಸ, ಅವರ ಸಂಕಟ

ಸವಣೂರಿನ ಆ ಮರಗಳ ಮೂಲ ಆಫ್ರಿಕಾ. ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಗಳ ಪೂರ್ವಜರೂ ಆಫ್ರಿಕಾದಿಂದ ಬಂದವರೇ. ಮರಗಳಿಗೆ ಹೆಮ್ಮೆಯ ಬೇಲಿ ಸಿಕ್ಕಿತು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಗಲು 2003 ಬರಬೇಕಾಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ, ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು 75 ವರ್ಷಗಳ ವಾಸಕ್ಕೆ ಸಾಕ್ಷ್ಯ ತೋರಿಸಬೇಕು. ಇಲ್ಲಾಂದ್ರೆ ಅವರು ‘ಒತ್ತುವರಿದಾರರು’. ವಾರಾಂತ್ಯಕ್ಕೆ ಬರುವ ನಮಗೆ ಒಂದು ಅರ್ಜಿ ಸಾಕು.

ಅದೇ ಕಾಯ್ದೆಯ 3(2)ನೇ ಸೆಕ್ಷನ್ ಗ್ರಾಮಸಭೆ ಶಿಫಾರಸು ಮಾಡಿದರೆ ರಸ್ತೆ, ಶಾಲೆ, ಅಂಗನವಾಡಿಯಂಥ ಕೆಲಸಗಳಿಗೆ ತಲಾ 1 ಹೆಕ್ಟೇರ್‌ಗಿಂತ ಕಡಿಮೆ ಕಾಡು ಬಿಟ್ಟುಕೊಡಲು ಅವಕಾಶ ಕೊಡುತ್ತದೆ. ಅಂದರೆ ಕೆಲವು ಊರುಗಳ ದಾರಿ ಮಣ್ಣಾಗಿಯೇ ಉಳಿದಿರುವುದಕ್ಕೆ ಕಾಡಿನ ಮೇಲಿನ ಕಾಳಜಿಯೊಂದೇ ಕಾರಣವಲ್ಲ. ಆ ಅರ್ಜಿಯನ್ನು ಯಾರೂ ಮುಂದಕ್ಕೆ ತಳ್ಳದಿರುವುದೂ ಕಾರಣ. ‘ಈ ದಾರಿ ಹೀಗೇ ಇದ್ದರೆ ಚೆಂದ’ ಅಂತ ಫೋಟೊ ಹಾಕುವ ಮೊದಲು ಹೆರಿಗೆ ನೋವಿನಲ್ಲಿ ಅಲ್ಲಿ ಜೀಪಿನಲ್ಲಿ ಕುಲುಕಿದವರನ್ನು ಕೇಳಬೇಕು.

ಕೇಳಿಸಿಕೊಳ್ಳಬೇಕಾದ್ದು ಇನ್ನೂ ಇದೆ. ವರದಾ ನದಿಗೆ ಬೇಡ್ತಿಯ ನೀರು ತರುವ ಯೋಜನೆ ಹಾವೇರಿಯ ಎಷ್ಟೋ ರೈತರಿಗೆ ಬೆಳೆ ಉಳಿಸುವ ಭರವಸೆ, ಶಿರಸಿ-ಯಲ್ಲಾಪುರದ ಎಷ್ಟೋ ಜನರಿಗೆ ಕಾಡು ಮತ್ತು ತೋಟ ಕಳೆದುಕೊಳ್ಳುವ ಭಯ. ಎರಡೂ ಕಡೆಯ ಚಹಾದಂಗಡಿಯಲ್ಲಿ ಕೂತು ಈ ಮಾತು ಕೇಳಲು ಸೈಕಲ್‌ಗಿಂತ ಒಳ್ಳೆಯ ವಾಹನ ಇಲ್ಲ.

ಕೊನೆಗೆ, ಅನುಮತಿ ಸಿಗದ ತುಂಡನ್ನು ನಕ್ಷೆಯಿಂದ ತೆಗೆದುಹಾಕಿ. ಊರ ದಾರಿಯಲ್ಲಿ ಗೇಟು ತೆರೆದರೆ ಮುಚ್ಚಿ, ಊಟ-ವಸತಿಗೆ ಅಲ್ಲಿನವರಿಗೇ ದುಡ್ಡು ಕೊಡಿ. ಕಾಡಿನೊಳಗಿನ ಹಾದಿಯ ಜಿಪಿಎಸ್ ಗೆರೆಯನ್ನು ಸ್ಟ್ರಾವಾದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಮುಂದಿನ ವಾರ ಅಲ್ಲಿ ಐವತ್ತು ಸೈಕಲ್ ಬಂದು, ಅದರ ಮುಂದಿನ ವಾರ ಇಲಾಖೆ ಕಂದಕ ತೋಡಿದರೆ ನಿಮಗೆ ಇನ್ನೊಂದು ದಾರಿ ಸಿಗುತ್ತದೆ. ಅಲ್ಲಿನವರಿಗೆ ಇರುವುದು ಅದೊಂದೇ.