ಪದಗಳಿಗೂ ಜೊತೆಗಾರರಿದ್ದಾರೆ!

ಮಕ್ಕಳ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕದ ಪಾಲಕರಿಲ್ಲ. ಆದರೆ 'ಪ್ರೋಗ್ರೆಸ್' ಪದವನ್ನು ಇಂಗ್ಲಿಷ್ ವಾಕ್ಯದಲ್ಲಿ ಬಳಸಿ ಎಂದರೆ ಕನ್ನಡ ಮಾಧ್ಯಮದ ಎಷ್ಟೋ ಜಾಣ ವಿದ್ಯಾರ್ಥಿಗಳು ತಡವರಿಸುತ್ತಾರೆ. 'ಒಳ್ಳೆಯ ಪ್ರಗತಿ ಮಾಡಿದ್ದಾನೆ' ಎಂಬುದನ್ನು ಮನಸ್ಸಿನಲ್ಲೇ ಅನುವಾದಿಸಿ 'ಹಿ ಹ್ಯಾಸ್ ಡನ್ ಗುಡ್ ಪ್ರೋಗ್ರೆಸ್' ಎಂದು ಬರೆದುಬಿಡುತ್ತಾರೆ. ಕಾಲ, ವಚನ ಎಲ್ಲವೂ ಸರಿ. ಜೋಡಿ ಮಾತ್ರ ತಪ್ಪು. ಪ್ರೋಗ್ರೆಸ್‌ಗೆ ಒಪ್ಪುವ ಕ್ರಿಯಾಪದ 'ಮೇಕ್'. 'ಹಿ ಹ್ಯಾಸ್ ಮೇಡ್ ಗುಡ್ ಪ್ರೋಗ್ರೆಸ್' ಎನ್ನಬೇಕು. ಈ ಅರ್ಥದಲ್ಲಿ ಅದಕ್ಕೆ 'ಎ' ಸೇರದು, ಬಹುವಚನವೂ ಇಲ್ಲ.

ಕನ್ನಡದಲ್ಲಿ ಮಳೆ ಸುರಿಯುತ್ತದೆ, ಗಾಳಿ ಬೀಸುತ್ತದೆ. 'ಗಾಳಿ ಸುರಿಯಿತು' ಎಂದರೆ ಪುಟ್ಟ ಮಗುವೂ ನಗುತ್ತದೆ. ಇದು ಸೂತ್ರದಿಂದ ಕಲಿತದ್ದಲ್ಲ, ಕೇಳಿ ಕೇಳಿ ಬಂದದ್ದು. ಪದಗಳ ಇಂಥ ಒಡನಾಟಕ್ಕೆ ಭಾಷಾಶಾಸ್ತ್ರದಲ್ಲಿ 'ಕೊಲೊಕೇಶನ್' ಎಂದು ಹೆಸರು. ಇದರ ಮಹತ್ವವನ್ನು ಎತ್ತಿ ತೋರಿಸಿದವರು ಬ್ರಿಟನ್ನಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್ (1890-1960).

ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲೊಂದು ಅನುಕೂಲವಿದೆ. ಪ್ರಗತಿಯನ್ನು ವರ್ಣಿಸುವ ಅನೇಕ ಜೋಡಿಗಳು ಚಲನೆಯ ಪಾಠದಲ್ಲೇ ಸಿಗುತ್ತವೆ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಬರುವ ಸಂವೇಗವೇ 'ಮೊಮೆಂಟಮ್'. ಒಂದು ಚಳವಳಿ ಬಿರುಸಾದರೆ 'ಗೇನ್ ಮೊಮೆಂಟಮ್', ಬಿರುಸು ತಗ್ಗಿದರೆ 'ಲೂಸ್ ಮೊಮೆಂಟಮ್'. ಉಗಿಬಂಡಿ ಹೊರಡಬೇಕಾದರೆ ಬಾಯ್ಲರಿನಲ್ಲಿ ಒತ್ತಡ ಏರಬೇಕಷ್ಟೆ. ಹಾಗೆಯೇ ಕೆಲಸ ಕಾವೇರಿದಾಗ 'ಗ್ಯಾದರ್ ಸ್ಟೀಮ್', ಹುರುಪು ಬತ್ತಿದಾಗ 'ರನ್ ಔಟ್ ಆಫ್ ಸ್ಟೀಮ್'. ನಮ್ಮಲ್ಲಿ 'ಗಾಡಿಗೆ ಪಿಕಪ್ ಇಲ್ಲ' ಎನ್ನುವವರಿಗೆ 'ಪಿಕ್ ಅಪ್ ಸ್ಪೀಡ್' ಹೇಳಿಕೊಡಬೇಕಾಗಿಲ್ಲ!

ಒಂದು ಎಚ್ಚರಿಕೆ. 'ಚಾಲಕ ಶಕ್ತಿ' ಎಂಬ ಮಾತು ಕನ್ನಡಕ್ಕೆ ಒಗ್ಗಿದೆ. ಭೌತಶಾಸ್ತ್ರದಲ್ಲಿ ಶಕ್ತಿ ಎಂದರೆ ಎನರ್ಜಿ. ಹಾಗೆಂದು 'ಡ್ರೈವಿಂಗ್ ಎನರ್ಜಿ' ಎನ್ನುವಂತಿಲ್ಲ. ಇಂಗ್ಲಿಷ್ ಇಲ್ಲಿ ಆರಿಸಿಕೊಂಡದ್ದು ಬಲವನ್ನು, ಅಂದರೆ 'ಡ್ರೈವಿಂಗ್ ಫೋರ್ಸ್'. ಅದರ ನಂತರ ಸಾಮಾನ್ಯವಾಗಿ ಬರುವುದು 'ಬಿಹೈಂಡ್'. ಉದಾಹರಣೆಗೆ, 'ವಿಕ್ರಮ್ ಸಾರಾಭಾಯ್ ವಾಸ್ ದ ಡ್ರೈವಿಂಗ್ ಫೋರ್ಸ್ ಬಿಹೈಂಡ್ ಇಂಡಿಯಾಸ್ ಸ್ಪೇಸ್ ಪ್ರೋಗ್ರಾಮ್.'

ಮಗು 'ಡನ್ ಪ್ರೋಗ್ರೆಸ್' ಎಂದು ಬರೆದರೆ ಪಾಲಕರು ಗದರಬೇಕಾಗಿಲ್ಲ. ಅದು ದಡ್ಡತನವಲ್ಲ, ಮಗು ಕನ್ನಡದಲ್ಲಿ ಯೋಚಿಸುತ್ತಿದೆ, ಅಷ್ಟೆ. ದಡ್ಡ ಎಂಬ ಮಾತು ಕೇಳಿದ ಮಗು ಮುಂದೆ ಇಂಗ್ಲಿಷಿನಲ್ಲಿ ಬಾಯಿ ತೆರೆಯಲೇ ಹೆದರೀತು. ಅದರ ಬದಲು ಒಂದು ಚಿಕ್ಕ ನೋಟುಪುಸ್ತಕ ಕೊಡಿಸಲಿ. ಬಿಡಿ ಪದಗಳನ್ನಲ್ಲ, ಜೋಡಿಗಳನ್ನೇ ಬರೆಸಲಿ. ದಿನಕ್ಕೆ ಎರಡಾದರೆ ವರ್ಷಕ್ಕೆ 730! ಇಂಗ್ಲಿಷಿನಲ್ಲಿ 'ಸ್ಟೆಡಿ ಪ್ರೋಗ್ರೆಸ್' ಎನ್ನುವುದು ಇದನ್ನೇ.