ಪಂದ್ಯಪಟ್ಟಿಯೂ ಒಂದು ನಿಯಮ

ಕಬಡ್ಡಿ ಅಂಕಣಕ್ಕೆ ಗೆರೆ ಹಾಕಲು ಸುಣ್ಣದ ಪುಡಿ, ಹಗ್ಗ, ಅಳತೆ ಟೇಪು ಬೇಕು. ಲೀಗ್‌ಗೆ ಫಿಕ್ಸ್ಚರ್ ಹಾಕಲು ಒಂದು ಹಾಳೆ, ಒಂದು ಪೆನ್ಸಿಲ್ಲು ಸಾಕು. ಗೆರೆ ಸೊಟ್ಟಗಿದ್ದರೆ ಮೊದಲ ರೈಡ್‌ಗೂ ಮುಂಚೆ ಯಾರಾದರೂ ಕೂಗಿ ಹೇಳುತ್ತಾರೆ. ಫಿಕ್ಸ್ಚರ್ ಸೊಟ್ಟಗಿದ್ದರೆ ಗೊತ್ತಾಗುವುದು ಕೊನೆಯ ವಾರದಲ್ಲಿ, ಚೆನ್ನಾಗಿ ಆಡಿದ ತಂಡವೊಂದು ಹೊರಗೆ ಉಳಿದಾಗ. ಹೆಣ್ಣುಮಕ್ಕಳ ಹೊಸ ಲೀಗ್‌ಗಳಲ್ಲಿ ಇದು ಮತ್ತೆ ಮತ್ತೆ ಆಗಿದೆ. ಅಲ್ಲಿ ವಾರಗಳು ಕಡಿಮೆ, ಮೈದಾನ ಸಿಗುವ ದಿನಗಳು ಕಡಿಮೆ, ಹಿಂದಿನ ವರ್ಷದ ದಾಖಲೆಯಂತೂ ಇರುವುದೇ ಇಲ್ಲ.

ಪದಗಳನ್ನು ಬೇಗ ಮುಗಿಸೋಣ. ಸೋತವರು ಮನೆಗೆ ಹೋಗುವುದು ನಾಕೌಟ್. ಅಲ್ಲಿ ಪ್ರತಿ ಪಂದ್ಯ ಒಂದು ತಂಡವನ್ನು ಮನೆಗೆ ಕಳಿಸುತ್ತದೆ, ಕೊನೆಗೆ ಒಂದು ಉಳಿಯಬೇಕು. ಆದ್ದರಿಂದ 16 ತಂಡಗಳಿಗೆ 15 ಪಂದ್ಯ, 4 ತಂಡಗಳಿಗೆ 3. ಎಲ್ಲರೂ ಎಲ್ಲರೊಡನೆ ಆಡುವುದು ಲೀಗ್. ತಂಡಗಳ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯಿಂದ ಗುಣಿಸಿ ಅರ್ಧ ಮಾಡಿದರೆ ಪಂದ್ಯಗಳ ಲೆಕ್ಕ ಸಿಗುತ್ತದೆ. ಎದುರಾಳಿ ಇಲ್ಲದೆ ಒಂದು ಸುತ್ತು ಸುಮ್ಮನೆ ಕೂರುವುದು ಬೈ.

ಈಗ ಒಂದು ಲೀಗನ್ನು ಕಲ್ಪಿಸಿಕೊಳ್ಳಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ: ನಾಲ್ಕು ತಾಲ್ಲೂಕು, ನಾಲ್ಕು ಮಹಿಳಾ ಕಬಡ್ಡಿ ತಂಡ. ಆರು ಪಂದ್ಯ, ಮೂರು ಸುತ್ತು. ಎರಡು ಬೆಂಚುಗಳನ್ನು ಎದುರುಬದುರು ಹಾಕಿ. ಒಂದರ ಮೇಲೆ ಕೋಲಾರ ಮತ್ತು ಮಾಲೂರು, ಎದುರಿನದರ ಮೇಲೆ ಶ್ರೀನಿವಾಸಪುರ ಮತ್ತು ಮುಳಬಾಗಿಲು. ಎದುರು ಕೂತವರು ಮೊದಲ ಸುತ್ತಿನ ಎದುರಾಳಿಗಳು. ಆಮೇಲೆ ಕೋಲಾರದವರು ಏಳುವ ಹಾಗಿಲ್ಲ, ಉಳಿದ ಮೂವರು ಒಂದೊಂದು ಜಾಗ ಸುತ್ತಬೇಕು. ಎರಡನೇ ಸುತ್ತಿನಲ್ಲಿ ಕೋಲಾರಕ್ಕೆ ಮುಳಬಾಗಿಲು ಎದುರಾಗುತ್ತದೆ, ಶ್ರೀನಿವಾಸಪುರಕ್ಕೆ ಮಾಲೂರು. ಇನ್ನೊಮ್ಮೆ ಸುತ್ತಿದರೆ ಕೋಲಾರ–ಮಾಲೂರು, ಮುಳಬಾಗಿಲು–ಶ್ರೀನಿವಾಸಪುರ. ಆರೂ ಪಂದ್ಯ ಮುಗಿದವು, ಒಂದೂ ಎರಡು ಸಲ ಬರಲಿಲ್ಲ. ಎಷ್ಟು ತಂಡವಿದ್ದರೂ ಇದೇ ವಿಧಾನ. ಶಿಬಿರಗಳಲ್ಲಿ ಇದನ್ನು ಮಕ್ಕಳನ್ನೇ ಕೂರಿಸಿ ತೋರಿಸುತ್ತೇನೆ. ಮೂರನೇ ಸುತ್ತಿಗೆ ಎಲ್ಲವೂ ತಾನಾಗಿ ಕೂಡಿಕೊಂಡಾಗ ಅವರ ಮುಖ ಅರಳುವುದನ್ನು ನೋಡಲು ನನಗೆ ಇವತ್ತಿಗೂ ಬೇಸರವಿಲ್ಲ.

ಬಂಗಾರಪೇಟೆ ಬಂದು ಸೇರಿತು ಅನ್ನಿ. ಐದಾಯಿತು. ಆಗ 'ಬೈ' ಎಂಬ ಆರನೆಯ ತಂಡವಿದೆ ಎಂದುಕೊಂಡು ಬೆಂಚಿನ ಮೇಲೆ ಕೂರಿಸಿ. ಅದರ ಎದುರು ಕೂತವರಿಗೆ ಆ ಸುತ್ತು ವಿಶ್ರಾಂತಿ. 2023–24ರ ಭಾರತೀಯ ಮಹಿಳಾ ಫುಟ್‌ಬಾಲ್ ಲೀಗ್‌ನಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ಸೇರಿ ಏಳು ತಂಡಗಳಿದ್ದವು. ತವರಿನಲ್ಲಿ ಒಮ್ಮೆ, ಎದುರಾಳಿಯ ಊರಿನಲ್ಲಿ ಒಮ್ಮೆ ಆಡುವ ಪದ್ಧತಿ ಆ ಲೀಗ್‌ಗೆ ಬಂದದ್ದು ಆಗಲೇ. ತಲಾ 12, ಒಟ್ಟು 42 ಪಂದ್ಯ. ಬೆಸ ಸಂಖ್ಯೆಯಾದ್ದರಿಂದ ಯಾವ ಸುತ್ತು ತೆಗೆದುಕೊಂಡರೂ ಒಂದು ತಂಡ ಹೊರಗೆ ಕೂರಲೇಬೇಕು. ಅದಕ್ಕೂ ಹಿಂದಿನ ವರ್ಷ 16 ತಂಡಗಳನ್ನು ಎಂಟರ ಎರಡು ಗುಂಪು ಮಾಡಿ, ಎಲ್ಲ ಪಂದ್ಯಗಳನ್ನೂ ಅಹಮದಾಬಾದ್‌ನಲ್ಲಿ ಆಡಿಸಿದ್ದರು. 2023ರ ಮೇ 21ರಂದು ಗೋಕುಲಂ ಕೇರಳ ವಿರುದ್ಧ ಫೈನಲ್ ಆಡಲು ಇಳಿದ ಕಿಕ್‌ಸ್ಟಾರ್ಟ್ ಹುಡುಗಿಯರಿಗೆ ಅದು ಒಂದು ತಿಂಗಳೂ ತುಂಬದ ಅವಧಿಯಲ್ಲಿ ಹತ್ತನೇ ಪಂದ್ಯ, ಅದೂ ಗುಜರಾತಿನ ಬೇಸಿಗೆಯಲ್ಲಿ. ಎಲ್ಲವನ್ನೂ ಒಂದೇ ಊರಿನಲ್ಲಿ ಮುಗಿಸಿದರೆ ಖರ್ಚು ಉಳಿಯುತ್ತದೆ, ನಿಜ. ಉಳಿಸಿದ್ದರ ಬೆಲೆಯನ್ನು ಆಟಗಾರ್ತಿಯರ ಮೊಣಕಾಲು ಕಟ್ಟುತ್ತದೆ.

ಏಳರಲ್ಲಿ ಐದು ಗೆದ್ದು ಹೊರಗೆ

ಎಲ್ಲರೂ ಮುಗ್ಗರಿಸುವ ಜಾಗ ಇದು: "ಎರಡು ತಂಡವೂ ಏಳೇಳು ಪಂದ್ಯ ಆಡಿವೆ. ಅಂದಮೇಲೆ ಅಂಕ ಹೋಲಿಸಬಹುದಲ್ಲ?" ಎಲ್ಲರೂ ಎಲ್ಲರೊಡನೆ ಆಡಿದ್ದರೆ ಹೋಲಿಸಬಹುದು. ಇಲ್ಲದಿದ್ದರೆ ಎರಡು ಬೇರೆ ಪ್ರಶ್ನೆಪತ್ರಿಕೆಗಳ ಅಂಕಗಳನ್ನು ಪಕ್ಕಪಕ್ಕ ಇಟ್ಟ ಹಾಗೆ.

ಇದಕ್ಕೆ ಒಳ್ಳೆಯ ಪಾಠ ದೂರದ ಆಸ್ಟ್ರೇಲಿಯಾದಲ್ಲಿದೆ. ಅಲ್ಲಿನವರದೇ ಆದ ಒಂದು ಫುಟ್‌ಬಾಲ್ ಇದೆ. ಮೈದಾನ ಮೊಟ್ಟೆಯಾಕಾರ, ಚೆಂಡೂ ಹಾಗೆಯೇ, ಕಾಲಿನಿಂದ ಒದೆಯಬಹುದು, ಕೈಯಲ್ಲಿ ಹಿಡಿದು ಓಡಲೂಬಹುದು. ಆ ಆಟದ ಮಹಿಳಾ ರಾಷ್ಟ್ರೀಯ ಲೀಗ್ 2017ರ ಫೆಬ್ರವರಿ 3ರಂದು ಮೆಲ್ಬರ್ನ್‌ನಲ್ಲಿ ಎಂಟು ತಂಡಗಳೊಂದಿಗೆ ಶುರುವಾಯಿತು. ಮೊದಲ ದಿನವೇ 24,568 ಜನ ಸೇರಿ ಗೇಟು ಮುಚ್ಚಬೇಕಾಯಿತು. ಎಂಟು ತಂಡ, ಏಳು ಸುತ್ತು: ಎಲ್ಲರೂ ಎಲ್ಲರೊಡನೆ ಒಮ್ಮೆ ಆಡಿದರು, ಲೆಕ್ಕ ಚೊಕ್ಕ. 2019ರಲ್ಲಿ ತಂಡಗಳು ಹತ್ತಾದವು. ಒಂಬತ್ತು ಸುತ್ತು ಬೇಕಿತ್ತು, ಕೊಟ್ಟದ್ದು ಏಳೇ. ಆದ್ದರಿಂದ ಐದೈದರ ಎರಡು ಗುಂಪು ಮಾಡಿದರು. ಪ್ರತಿ ತಂಡ ಸ್ವಂತ ಗುಂಪಿನ ನಾಲ್ವರನ್ನೂ ಆಚೆ ಗುಂಪಿನ ಮೂವರನ್ನೂ ಎದುರಿಸಬೇಕು, ಎರಡೂ ಗುಂಪಿನ ಮೊದಲಿಬ್ಬರು ಸೆಮಿಫೈನಲ್‌ಗೆ.

ಬಲವಾದ ತಂಡಗಳು ಒಂದೇ ಕಡೆ ಬಿದ್ದವು. ಅಡಿಲೇಡ್ ಮತ್ತು ಫ್ರೀಮ್ಯಾಂಟಲ್ ತಲಾ ಆರು ಗೆದ್ದವು. ಅದೇ ಗುಂಪಿನ ನಾರ್ತ್ ಮೆಲ್ಬರ್ನ್ ಏಳರಲ್ಲಿ ಐದು ಗೆದ್ದು ಮೂರನೆಯದಾಗಿ ಮನೆಗೆ ಹೋಯಿತು. ಆಚೆ ಗುಂಪಿನಿಂದ ಸೆಮಿಫೈನಲ್ ಸೇರಿದ ಎರಡೂ ತಂಡಗಳ ಗೆಲುವು ಅದಕ್ಕಿಂತ ಕಡಿಮೆ. ಫೈನಲ್‌ಗೆ ಅಡಿಲೇಡ್‌ನಲ್ಲಿ 53,034 ಜನ ಸೇರಿದರು, ಅದು ಹಬ್ಬವೇ. ಆದರೆ ಪಂದ್ಯಪಟ್ಟಿಯ ತಕರಾರು ಹಬ್ಬದೊಂದಿಗೆ ಮುಗಿಯಲಿಲ್ಲ. 2021ರ ಹೊತ್ತಿಗೆ ಗುಂಪುಗಳನ್ನು ಕೈಬಿಟ್ಟು ಒಂದೇ ಅಂಕಪಟ್ಟಿಗೆ ಮರಳಿದರು.

ಇದನ್ನು ಕೇಳಿದವರು ತಕ್ಷಣ ಹೇಳುವುದು: "ಚೀಟಿ ಎತ್ತಬೇಕಿತ್ತು." ನಿಧಾನವಾಗಿ ಯೋಚಿಸಿ. ಚೀಟಿ ಎತ್ತಿದರೆ ಪಕ್ಷಪಾತ ಇರುವುದಿಲ್ಲ, ಅಷ್ಟೇ. ಬಲಾಬಲ ಸಮವಾಗುತ್ತದೆ ಎಂಬ ಖಾತರಿ ಚೀಟಿಗೆ ಇಲ್ಲ. ನಾಲ್ಕು ಬಲವಾದ ತಂಡಗಳು ಒಂದೇ ಗುಂಪಿಗೆ ಬೀಳುವುದನ್ನು ಅದು ತಡೆಯಲಾರದು. ತಡೆಯಬೇಕಾದರೆ ಬಲ ಮೊದಲೇ ಗೊತ್ತಿರಬೇಕು. ಹಳೆಯ ಲೀಗ್‌ನಲ್ಲಿ ಹೋದ ವರ್ಷದ ಸ್ಥಾನ ನೋಡಿ 1, 4, 5, 8 ಒಂದು ಕಡೆ, 2, 3, 6, 7 ಇನ್ನೊಂದು ಕಡೆ ಎಂದು ಹಂಚಬಹುದು. ಹೊಸ ಲೀಗ್‌ಗೆ ಹೋದ ವರ್ಷವೇ ಇಲ್ಲ. ನ್ಯಾಯವಾಗಿ ಹಂಚಲು ಬೇಕಾದ ತಿಳಿವು ಹುಟ್ಟುವುದು ನಾಲ್ಕಾರು ವರ್ಷ ಆಡಿಸಿದ ಮೇಲೆ. ಅದಕ್ಕೇ ನನ್ನ ಗಟ್ಟಿ ಅಭಿಪ್ರಾಯ: ಹೊಸ ಲೀಗ್ ತಂಡಗಳನ್ನು ಹೆಚ್ಚಿಸುವ ಮೊದಲು ವಾರಗಳನ್ನು ಹೆಚ್ಚಿಸಬೇಕು. ಆಸ್ಟ್ರೇಲಿಯಾದವರು 2022ರಲ್ಲಿ 18 ತಂಡಗಳಿಗೆ ಏರಿದರು. ಎಲ್ಲರೂ ಎಲ್ಲರೊಡನೆ ಆಡಲು 17 ಸುತ್ತು ಬೇಕು. ಮರುವರ್ಷ ತಲಾ ಹತ್ತೇ ಪಂದ್ಯ ಸಿಕ್ಕಿದ್ದು.

ನಮ್ಮ ನಾಲ್ಕು ತಾಲ್ಲೂಕಿಗೆ ಗುಂಪಿನ ತೊಂದರೆ ಇಲ್ಲ. ಆದರೆ ದಾರಿಯ ತೊಂದರೆ ಇದೆ. ಉಳಿದ ಮೂರು ಊರುಗಳೂ ಕೋಲಾರದಿಂದ ಸುಮಾರು 25–30 ಕಿ.ಮೀ. ದೂರದಲ್ಲಿ, ಬೇರೆ ಬೇರೆ ದಿಕ್ಕಿಗೆ ಇವೆ. ಕೋಲಾರದ ಹುಡುಗಿಯರು ಎಲ್ಲಿಗೆ ಆಡಲು ಹೋದರೂ ಒಂದೇ ಬಸ್ಸು. ಮಾಲೂರಿನವರು ಶ್ರೀನಿವಾಸಪುರಕ್ಕೆ ಹೋಗಬೇಕಾದರೆ ಸಾಮಾನ್ಯವಾಗಿ ಕೋಲಾರದಲ್ಲಿ ಇಳಿದು ಹತ್ತಬೇಕು, ದೂರ ಹೆಚ್ಚುಕಡಿಮೆ ಎರಡರಷ್ಟು. ಅಂಕಪಟ್ಟಿಯಲ್ಲಿ ಈ ಕಿಲೋಮೀಟರುಗಳಿಗೆ ಕಾಲಂ ಇಲ್ಲ. ಆದ್ದರಿಂದ ಮಾಲೂರು–ಶ್ರೀನಿವಾಸಪುರ ಪಂದ್ಯವನ್ನು ಸಂಜೆ ಇಡಬಾರದು. ಪಂದ್ಯ ಮುಗಿದು, ಬಟ್ಟೆ ಬದಲಿಸಿ, ಎರಡು ಬಸ್ಸು ಹಿಡಿದು ಹದಿನೇಳರ ಹುಡುಗಿ ಬೆಳಕಿರುವಾಗ ಮನೆ ಸೇರಬೇಕು. ಒಮ್ಮೆ ಕತ್ತಲಾಗಿ ಮನೆಗೆ ಬಂದವಳನ್ನು ಮುಂದಿನ ಪಂದ್ಯಕ್ಕೆ ಕಳಿಸದ ತಂದೆತಾಯಿಯರ ಜೊತೆ ನಾನು ಜಗಲಿಯ ಮೇಲೆ ಕೂತು ಮಾತಾಡಿದ್ದೇನೆ. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಕ್ಯಾಲೆಂಡರನ್ನೂ ನೋಡಬೇಕು. ಮಾರ್ಚ್ ಪರೀಕ್ಷೆಯ ತಿಂಗಳು. ಮೇ ತಿಂಗಳಿಂದ ಶ್ರೀನಿವಾಸಪುರದ ಕಡೆ ಮಾವಿನ ಕೊಯ್ಲು, ಮಂಡಿಗೆ ಹಣ್ಣು ಹೊಡೆಯುವ ಗಡಿಬಿಡಿ. ಇವೆರಡೂ ಮೊದಲೇ ಗೊತ್ತಿರುವುದರಿಂದ ತಪ್ಪಿಸಬಹುದು. ರೇಷ್ಮೆ ಹಾಗಲ್ಲ. ಹುಳು ನಾಲ್ಕನೇ ಸಲ ಪೊರೆ ಬಿಡುವ 'ಜ್ವರ'ದಿಂದ ಎದ್ದು ಹಣ್ಣಾಗುವವರೆಗೆ ಸುಮಾರು ಒಂದು ವಾರ ಮನೆಮಂದಿಯೆಲ್ಲ ಸೊಪ್ಪು ಹಾಕುತ್ತಲೇ ಇರಬೇಕು, ಆಮೇಲೆ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಕೆಲಸ. ಆ ವಾರ ಒಂದೊಂದು ಮನೆಗೆ ಒಂದೊಂದು ಸಮಯಕ್ಕೆ ಬರುತ್ತದೆ. ಅದಕ್ಕೆ ಉತ್ತರ ಕ್ಯಾಲೆಂಡರಿನಲ್ಲಿಲ್ಲ. ತಂಡದಲ್ಲಿ ಏಳರ ಬದಲು ಹನ್ನೆರಡು ಜನರನ್ನು ನೋಂದಾಯಿಸಿ, ಯಾರು ಯಾವಾಗ ಬರಬಹುದೆಂದು ಕೇಳಿ ಬರೆದಿಟ್ಟುಕೊಳ್ಳುವುದೊಂದೇ ದಾರಿ.

ಚಿಕ್ಕ ಅಂಕಣ, ಕಷ್ಟದ ಅಂಕಣ

ಇನ್ನೊಂದು ತಪ್ಪು ತಿಳಿವಳಿಕೆ: ಹೆಂಗಸರಿಗೆ ಅಳತೆ ಕಡಿಮೆ ಮಾಡಿದರೆ ಆಟ ಸುಲಭವಾಗುತ್ತದೆ. ಕಬಡ್ಡಿಯಲ್ಲಿ ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ; ಹೆಂಗಸರದು 12 ಮತ್ತು 8. ಎರಡೂ ಬದಿಯ ಒಂದೊಂದು ಮೀಟರ್ ಲಾಬಿ ಬಿಟ್ಟರೆ ರೈಡರ್‌ಗೆ ಉಳಿಯುವ ಅಗಲ ಗಂಡಸರಲ್ಲಿ 8 ಮೀಟರ್, ಹೆಂಗಸರಲ್ಲಿ 6. ಎದುರು ನಿಲ್ಲುವವರು ಮಾತ್ರ ಎರಡು ಕಡೆಯೂ ಏಳೇ. ಭಾಗಿಸಿ ನೋಡಿ. ಗಂಡಸರ ಅಂಕಣದಲ್ಲಿ ಒಬ್ಬ ಡಿಫೆಂಡರ್ ಪಾಲಿಗೆ 114 ಸೆಂಟಿಮೀಟರ್ ಅಗಲ, ಹೆಂಗಸರಲ್ಲಿ 86. ಸರಪಳಿ ಅಷ್ಟು ಬಿಗಿ. ನುಗ್ಗುವವಳಿಗೆ ಸಂದು ಕಿರಿದಾಗಿದೆ. ಈ ಅಂಕಣದಲ್ಲಿ ಆಡಿ ಬಂದ ಕಾರ್ಕಳದ ಮಮತಾ ಪೂಜಾರಿ, ಬೆಂಗಳೂರಿನ ತೇಜಸ್ವಿನಿ ಬಾಯಿ ಅರ್ಜುನ ಪ್ರಶಸ್ತಿ ಪಡೆದದ್ದು ಸುಲಭದ ಆಟ ಆಡಿ ಅಲ್ಲ.

ಸಮಯದ ಲೆಕ್ಕವೂ ಹಾಗೆಯೇ. ಗಂಡಸರಿಗೆ 20 ನಿಮಿಷದ ಎರಡು ಅವಧಿ, ಹೆಂಗಸರಿಗೆ 15 ನಿಮಿಷದ ಎರಡು. ಪ್ರತಿ ರೈಡ್‌ಗೂ ಪೂರ್ತಿ 30 ಸೆಕೆಂಡ್ ಬಳಸಿದರೆ ಎರಡೂ ತಂಡಗಳದು ಸೇರಿ ಅಲ್ಲಿ 80 ರೈಡ್, ಇಲ್ಲಿ 60. ಒಮ್ಮೆ ಆಲೌಟ್ ಆದ ತಂಡಕ್ಕೆ ಚೇತರಿಸಿಕೊಳ್ಳಲು ಸ್ವಂತ ರೈಡ್ ಹತ್ತು ಕಡಿಮೆ, ಹಾಗಾಗಿ ಮೊದಲ ಐದು ನಿಮಿಷದ ತಪ್ಪಿಗೂ ಭಾರ ಹೆಚ್ಚು. 2016ರಲ್ಲಿ ಪ್ರೊ ಕಬಡ್ಡಿಯ ಜೊತೆಗೇ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೆಯಿತು. ಹೈದರಾಬಾದ್‌ನ ಫೈನಲ್‌ನಲ್ಲಿ ತೇಜಸ್ವಿನಿಯವರ ಸ್ಟಾರ್ಮ್ ಕ್ವೀನ್ಸ್, ಮಮತಾ ಅವರ ಫೈರ್ ಬರ್ಡ್ಸ್ ತಂಡವನ್ನು 24–23ರಿಂದ ಸೋಲಿಸಿತು. ಒಂದೇ ಅಂಕ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಹೆಣ್ಣುಮಕ್ಕಳ ಕಬಡ್ಡಿ ಚಿನ್ನವೂ ಚೈನೀಸ್ ತೈಪೆ ವಿರುದ್ಧ 26–25ರಿಂದಲೇ ಬಂದದ್ದು. 2016ರ ಆ ಮಹಿಳಾ ಚಾಲೆಂಜ್ ಮರುವರ್ಷ ನಡೆಯಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಆಸ್ಟ್ರೇಲಿಯಾದವರು ಇದೇ ಲೆಕ್ಕವನ್ನು ತಿರುವಿ ಹಾಕಿದರು. ಮೈದಾನ ಹಾಗೇ ಇಟ್ಟು ಆಟಗಾರ್ತಿಯರನ್ನು 18ರಿಂದ 16ಕ್ಕೆ ಇಳಿಸಿದರು, ಚೆಂಡನ್ನು ತುಸು ಚಿಕ್ಕದು ಮಾಡಿದರು. ಆದರೂ ಎಲ್ಲರೂ ಚೆಂಡಿನ ಸುತ್ತ ಮುತ್ತಿಕೊಂಡು ಅಂಕಗಳು ಇಳಿದವು. 2018ರ ಮೊದಲ ಪಂದ್ಯಗಳಾದ ಮೇಲೆ, ಆಟಗಾರ್ತಿಯರನ್ನು ಹರಡಿ ನಿಲ್ಲಿಸಿ ಎಂದು ಲೀಗ್ ಕೋಚ್‌ಗಳಿಗೆ ಬರೆಯಿತು. ಬೇನೆ ಗುರುತಿಸಿದ್ದು ಸರಿ. ಮದ್ದು ಕೊಟ್ಟ ಹೊತ್ತು ಸರಿಯಿಲ್ಲ ಎನ್ನುವುದು ನನ್ನ ಎಣಿಕೆ. ತಿಂಗಳುಗಟ್ಟಲೆ ಒಂದು ರೀತಿ ಅಭ್ಯಾಸ ಮಾಡಿದವರಿಗೆ ಋತು ಶುರುವಾದ ಮೇಲೆ ಬೇರೆ ರೀತಿ ಆಡಿ ಎನ್ನಬಾರದು.

ಸಮಬಲದ ನಿಯಮವನ್ನಂತೂ ಮೊದಲ ಸೀಟಿಗೂ ಮುಂಚೆ ಬರೆದಿಡಲೇಬೇಕು. ಕೋಲಾರ ಮಾಲೂರನ್ನು, ಮಾಲೂರು ಮುಳಬಾಗಿಲನ್ನು, ಮುಳಬಾಗಿಲು ಕೋಲಾರವನ್ನು ಗೆದ್ದಿತು, ಮೂವರೂ ಶ್ರೀನಿವಾಸಪುರವನ್ನು ಗೆದ್ದರು ಎಂದುಕೊಳ್ಳಿ. ಮೂವರಿಗೂ ಎರಡೆರಡು ಗೆಲುವು. ಪರಸ್ಪರ ಪಂದ್ಯ ನೋಡೋಣವೆಂದರೆ ಅದು ಗಾಣದೆತ್ತಿನ ಹಾಗೆ ಸುತ್ತುತ್ತದೆ. ಉಳಿಯುವುದು ಅಂಕಗಳ ಅಂತರ. ಅದು ಎಣಿಕೆಗೆ ಬರುತ್ತದೆಂದು ಮೊದಲೇ ಗೊತ್ತಿದ್ದರೆ, ಹತ್ತು ಅಂಕದಿಂದ ಸೋಲುತ್ತಿರುವ ತಂಡವೂ ಕೊನೆಯ ರೈಡ್‌ವರೆಗೆ ಜೀವ ಬಿಟ್ಟು ಆಡುತ್ತದೆ. ಪ್ರೊ ಕಬಡ್ಡಿಯಲ್ಲಿ 2024ರ ಋತುವಿನವರೆಗೆ ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಿಂದ ಸೋತವರಿಗೆ ಒಂದು ಅಂಕ ಕೊಡುತ್ತಿದ್ದದ್ದು ಇದೇ ಕಾರಣಕ್ಕೆ. ಹೆಂಗಸರ 30 ನಿಮಿಷದ ಆಟಕ್ಕೂ ಏಳೇ ಸರಿಯಾದ ಅಂತರವೇ? 40 ನಿಮಿಷಕ್ಕೆ ಏಳಾದರೆ 30ಕ್ಕೆ ಐದರ ಸುಮಾರಿಗೆ ಬರುತ್ತದೆ. ಆದರೆ ಅಂಕಣವೂ ಬೇರೆ, ಟ್ಯಾಕಲ್‌ಗಳ ಪ್ರಮಾಣವೂ ಬೇರೆ ಇರಬಹುದು. ಬರಿಯ ಭಾಗಾಕಾರ ಸಾಲದು.

ಇದನ್ನು ಓದುತ್ತಿರುವ ದೈಹಿಕ ಶಿಕ್ಷಕರಲ್ಲಿ, ಕಾಲೇಜು ಹುಡುಗಿಯರಲ್ಲಿ ನನ್ನ ಕೋರಿಕೆ ಇಷ್ಟು. ತಾಲ್ಲೂಕು ಮಟ್ಟದ ಪಂದ್ಯ ಮುಗಿದ ಮೇಲೆ ಸ್ಕೋರ್ ಶೀಟನ್ನು ಕಡಲೆಕಾಯಿ ಪೊಟ್ಟಣವಾಗಲು ಬಿಡಬೇಡಿ. ರೈಡ್ ಎಷ್ಟು, ಅದರಲ್ಲಿ ಹಿಡಿದದ್ದೆಷ್ಟು, ಆಲೌಟ್ ಎಷ್ಟನೇ ನಿಮಿಷದಲ್ಲಿ, ಅಂಕಣದ ಅಳತೆ ಏನಿತ್ತು, ಎದುರು ತಂಡ ಎಷ್ಟು ದೂರದಿಂದ ಎಷ್ಟು ಹೊತ್ತಿಗೆ ಬಂತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಇಳಿಸಿ. ಮೂರು ವರ್ಷದ ಪಂದ್ಯಗಳು ಹಾಗೆ ಕೂಡಿದರೆ ಐದೋ ಏಳೋ ಎಂಬುದನ್ನು ಕೋಲಾರದಲ್ಲೇ ಕೂತು ಲೆಕ್ಕ ಹಾಕಬಹುದು, ಬಂಗಾರಪೇಟೆ ಸೇರಿದ ವರ್ಷ ಯಾರನ್ನು ಯಾವ ಬೆಂಚಿನಲ್ಲಿ ಕೂರಿಸಬೇಕೆಂಬುದನ್ನೂ.